ಕ್ಯಾಸೆಟ್ಟಿನಿಂದ ಬಿದ್ದುಹೋದ ಎಂಟು ಆವರ್ತ

೧
ಎಲ್ಲಿಂದ ಶುರು ಮಾಡಲಿ? ವಿದೇಶದ ಮೂವರು ಜಾಜ್ ವಾದಕರು ವ್ಯಾನಿನಿಂದ ಇಳಿದರು ಅಂತ ಬರೆದು ಹರಿದು ಹಾಕಿದೆ. ಪ್ರವಾಸ ಇಲಾಖೆಯ ಕರಪತ್ರದ ಹಾಗಿತ್ತು. ಕ್ಯಾಸೆಟ್ಟಿನಿಂದಲೇ ಶುರು ಮಾಡುತ್ತೇನೆ, ತಪ್ಪು ಆಗಿದ್ದು ಅಲ್ಲೇ.

೨
ಈ ಕಥೆಯ ಅಕ್ಕ (ನನ್ನ ಸ್ವಂತ ಅಕ್ಕನಲ್ಲ, ನಾನು ಹುಟ್ಟಿಸಿದವಳು, ಆದರೂ ಜೋರು ಮಾಡುವುದರಲ್ಲಿ ಏನೂ ಕಮ್ಮಿಯಿಲ್ಲ) ಹದಿನಾರನೇ ವಯಸ್ಸಿನಲ್ಲಿ ಒಂದೇ ಒಂದು ಕ್ಯಾಸೆಟ್ ಕೇಳಿ ಪಿಯಾನೊ ಕಲಿತಳು. ತಂದ ಎರಡನೇ ದಿನವೇ ಟೇಪು ಸಿಕ್ಕಿಕೊಂಡಿತು. ನುಜ್ಜುಗುಜ್ಜಾದ ಒಂದೂವರೆ ಮೊಳವನ್ನು ಕತ್ತರಿಸಿ, ತುದಿಗಳನ್ನು ನೇಲ್ ಪಾಲಿಶ್ ಹಚ್ಚಿ ಅಂಟಿಸಿದಳು. ಅದರ ಜೊತೆ ಒಂದು ಟ್ಯೂನಿನ ಎಂಟು ಆವರ್ತ ಹೋಯಿತು. ಅಲ್ಲಿ ಮುಂದಕ್ಕೆ ಹಾರಿ ನುಡಿಸುವುದನ್ನೇ ಕಲಿತಳು, ಅದನ್ನೇ ಕಲಿಸಿದಳು. ಈಗ ಊರಿನಲ್ಲಿ ಏಳು ಜಾಜ್ ತಂಡಗಳಿವೆ. ಏಳೂ ಅಲ್ಲಿ ಹಾರುತ್ತವೆ. ಅದು ತಪ್ಪೆಂದು ಗೊತ್ತಿರುವುದು ಅವಳೊಬ್ಬಳಿಗೇ.

೩
ವಿದೇಶದಿಂದ ಬಂದ ಆ ಮೂವರಲ್ಲಿ ಪಿಯಾನೊ ನುಡಿಸುವ ಮುದುಕರು ಆ ಕ್ಯಾಸೆಟ್ಟಿನಲ್ಲಿ ನುಡಿಸಿದವರೇ, ಆ ಟ್ಯೂನೂ ಅವರದೇ. ಅಕ್ಕನಿಗೆ ಬೇಕಾಗಿದ್ದು ಇಷ್ಟೇ: ಆ ಎಂಟು ಆವರ್ತವನ್ನು ಒಂದು ಸಲ ಸರಿಯಾಗಿ ಕೇಳಬೇಕು.

ಮಧ್ಯಾಹ್ನ ಮೂರಕ್ಕೆ ತಾಲೀಮು. ಮೊದಲು ನಮ್ಮ ತಂಡಗಳು ಆ ಟ್ಯೂನನ್ನು ನುಡಿಸಿ ತೋರಿಸಿದವು, ಒಂದಾದ ಮೇಲೊಂದು, ಏಳು ಸಲ. ಆಮೇಲೆ ಮುದುಕರು ಕೂತರು. ಆ ಜಾಗ ಬಂತು. ಅವರೂ ಹಾರಿದರು.

ನಿಲ್ಲಿಸಿ ಮತ್ತೆ ನುಡಿಸಿದರು. ಮತ್ತೆ ಹಾರಿದರು. ಅವರ ಜೊತೆ ಬಂದ ಬಾಸ್ ತಂತಿವಾದ್ಯದವನೂ ಡ್ರಮ್ಮಿನವನೂ ಅದೇ ಕ್ಷಣಕ್ಕೆ ಜೊತೆಗೇ ಹಾರಿದರು.

"ಇಲ್ಲಿ ಏನೋ ಇತ್ತು," ಅಂದರು ಮುದುಕರು (ಅವರ ಇಂಗ್ಲಿಷನ್ನು ಕನ್ನಡ ಮಾಡಿದವನು ನಾನು). "ಬೆಳಿಗ್ಗೆ ಹೋಟೆಲಲ್ಲಿ ನುಡಿಸಿದ್ನಲ್ಲ?"

ಬಾಸಿನವನು ಫೋನಿನಲ್ಲಿ ಮೂಲ ರೆಕಾರ್ಡಿಂಗ್ ಹಾಕಿದ. ಅದೂ ಹಾರಿತು. ಹಾರುವಾಗ ಸಣ್ಣಗೆ 'ಟಿಕ್' ಅಂತು, ನೇಲ್ ಪಾಲಿಶ್ ಹಚ್ಚಿದ ಜಾಗದ ಟಿಕ್. ಅಕ್ಕ ಬಿಳಿಚಿಕೊಂಡಳು. ನನಗೂ ಹೆದರಿಕೆಯಾಯಿತು, ಯಾಕೆಂದರೆ ಆ ಟಿಕ್ ನಾನು ಬರೆದದ್ದಲ್ಲ.

೪
ಕೊನೆ, ಒಂದನೆಯದು: ಮುದುಕರಿಗೆ ತಟ್ಟನೆ ನೆನಪಾಗುತ್ತದೆ. ಚಪ್ಪಾಳೆ.

"ಯಾರ ಕಿವಿ ಮೇಲೆ ಹೂ ಇಡ್ತೀಯ?" ಅಂದಳು ಅಕ್ಕ. "ನೆನಪಾಯ್ತು ಅಂದ್ರೆ ಸಾಕಾ? ಏನು ನೆನಪಾಯ್ತು, ಅದನ್ನ ಬರಿ."

ನನಗೆ ನೆಟ್ಟಗೆ ಸೀಟಿ ಹೊಡೆಯಲೂ ಬಾರದು. ಆ ಕೊನೆಯನ್ನು ಹೊಡೆದು ಹಾಕಿದೆ.

ಕೊನೆ, ಇನ್ನೊಂದು: ಅಕ್ಕ ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ.

"ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ದೀನಿ. ಈಗ ಶಿಷ್ಯರೆಲ್ಲರ ಎದುರಿಗೆ ಹೇಳಿಸ್ತೀಯಾ, ಇವರ ಟ್ಯೂನ್‌ನ ನಾನೇ ಕತ್ತರಿಸಿದೆ ಅಂತ?" ನನಗೇ ಸಂಕಟವಾಗಿ ಅದನ್ನೂ ಬಿಟ್ಟೆ.

೪ (ಇನ್ನೂ ಅಲ್ಲೇ ಇದ್ದೇವೆ)
ಮುದುಕರು ಖಾಲಿ ಹಾಳೆ ತೆಗೆದು ಪೆನ್ಸಿಲ್ ಹಿಡಿದಿದ್ದಾರೆ. "ಇಷ್ಟು ಜನಕ್ಕೆ ಕಲಿಸಿದೀರಿ, ನಿಮಗೇ ಸರಿಯಾಗಿ ಗೊತ್ತಿರುತ್ತೆ. ನುಡಿಸಿ, ಬರ್ಕೋತೀನಿ."

ಅಕ್ಕ ಆ ಜಾಗದ ತನಕ ನುಡಿಸಿ ಕೈ ಎತ್ತಿದ್ದಾಳೆ. ಈಗ ಹಾರಿದರೆ ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಅಲ್ಲಿ ಏನೋ ಇತ್ತು ಅನ್ನುವವರೂ ಇರುವುದಿಲ್ಲ.

"ಬೇಗ ಮುಗಿಸೋ, ಕೈ ನೋಯ್ತಾ ಇದೆ," ಅನ್ನುತ್ತಿದ್ದಾಳೆ.

ಮುಗಿಸುವುದಿಲ್ಲ. ಕ್ಷಮಿಸಕ್ಕ, ಕೈ ಇಳಿಸಬೇಡ.