ಪೂರ್ವಿ ಹಲಗಿ ಕೆಳಗಿಟ್ಟ ದಿನ

ತೆಲುಗು ನಾಡಿನ ಪಟಾನ್‌ಚೆರುವಿನ ಒಂದು ಬಾಡಿಗೆ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತುಹೋಗಿತ್ತು. ಕಾರಣ ಒಂದು ಹಲಗಿ, ಬಾರಿಸುವ ಚರ್ಮವಾದ್ಯ.

ಅಪ್ಪ ಉಪೇಂದ್ರ, ಲಿಂಗಸುಗೂರು ಕಡೆಯವನು. ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅವ್ವ ಕೋಕಿಲಾ. ಮಗಳು ಪೂರ್ವಿ ಡಿಗ್ರಿ ಓದುತ್ತಿದ್ದಳು. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತೆಲುಗು.

ಕಾಲೇಜಿನ ಹಬ್ಬದಲ್ಲಿ ಅವಳ ಗೆಳೆಯ ಸಾಯಿಕುಮಾರ ಡಪ್ಪು ಬಾರಿಸುತ್ತಾ ಕುಣಿದ. ನೋಡಿದ ಪೂರ್ವಿಗೆ ಮೈ ಜುಮ್ಮೆಂದಿತು. ಇದು ನಮ್ಮ ಹಲಗಿಯೇ ಅಲ್ಲವೇ? ಊರಲ್ಲಿ ಅಜ್ಜ ಬಾರಿಸುತ್ತಿದ್ದನಂತೆ! ಅವಳೂ ಆ ಹುಡುಗರ ಜೊತೆ ಸೇರಿ ಕಲಿತಳು. ಒಂದು ದಿನ ಸಾಯಿಕುಮಾರ ತೆಲುಗಿನಲ್ಲಿ ಕೇಳಿದ: "ನಾವು ಬಾರಿಸುವ ಏಟು ನಿನಗೆ ಬಂತು. ಇನ್ನು ನಿಮ್ಮೂರಿನ ಏಟು ನಮಗೆ ಕಲಿಸು."

ಪೂರ್ವಿಗೆ ಅದು ಬರುತ್ತಿರಲಿಲ್ಲ. ಆ ಏಟು ಗೊತ್ತಿದ್ದದ್ದು ಅಪ್ಪನಿಗೆ ಮಾತ್ರ.

ಅವಳು ತಾನು ಕಲಿಯುತ್ತಿದ್ದ ಹಲಗಿಯನ್ನು ಮನೆಗೇ ತಂದಳು. ಕೆಲಸದಿಂದ ಬಂದ ಉಪೇಂದ್ರ ಬಾಗಿಲಲ್ಲೇ ನಿಂತ.

"ಯಾರದಿದು?"

"ನಂದ ಅಪ್ಪಾ. ನಮ್ಮೂರ ಕುಣಿತ ಒಂದೀಟು ಕಲಸು."

"ಅದು ಹೊರಗ ಹೋಗಲಿ. ಆಮ್ಯಾಲೆ ನಾ ಒಳಗ ಬರ್ತೀನಿ."

ಪೂರ್ವಿ ಅಳುತ್ತಾ ಹಲಗಿಯನ್ನು ಪಕ್ಕದ ಪ್ರಫುಲ್ಲಕ್ಕನ ಮನೆಯಲ್ಲಿಟ್ಟು ಬಂದಳು. ಪ್ರಫುಲ್ಲಕ್ಕ ಬೀದರ್ ಕಡೆಯವಳು. ಓಣಿಯ ಮಹಿಳಾ ಸಂಘ ನಡೆಸುತ್ತಾಳೆ, ಭಾನುವಾರ ಮಕ್ಕಳನ್ನು ಕೂಡಿಸಿ ಜಾನಪದ ಹಾಡು, ಕುಣಿತ ಕಲಿಸುತ್ತಾಳೆ. ಕೋಕಿಲಾ ಅವಳ ಮುಂದೆ ಎಲ್ಲ ಹೇಳಿಕೊಂಡಳು. ಮರುದಿನ ಪ್ರಫುಲ್ಲಕ್ಕ ತಾನೇ ಬಂದು ಕುಳಿತಳು.

"ಉಪೇಂದ್ರಣ್ಣಾ, ಮಗಳಿಗೆ ಬೈಯೋದು ಇರ್ಲಿ. ನಿಮಗೇನಾಗಿತ್ತು, ಅದನ್ನ ಹೇಳ್ರಿ."

ಉಪೇಂದ್ರ ಅವಳ ಎದುರು ಕುಳಿತ. ಆಮೇಲೆ ಹೇಳಿದ:

"ಅಕ್ಕಾ, ನಮ್ಮಪ್ಪ ಹಲಗಿ ಹಿಡದ್ರ ಮುದುಕರೂ ಎದ್ದು ಕುಣೀತಿದ್ರು. ಹಂತಾ ಮನಷ್ಯಾನ್ನ ಮದವಿ ಮನ್ಯಾಗ ದನದ ಕೊಟಗಿ ಹಿಂದ ಕುಂದರ್ಸಿ, ಮುಟ್ಟದಂಗ ಮ್ಯಾಲಿಂದ ಊಟ ಹಾಕ್ತಿದ್ರು. ಜ್ವರ ಬಂದು ಮಲಗಿದ್ರೂ ಎಬ್ಬಿಸಿ ಕರಕೊಂಡು ಹೋಗ್ತಿದ್ರು. ಒಲ್ಲೆ ಅನ್ನೂ ಹಂಗಿರಲಿಲ್ಲ. ನಾ ಆ ಕೊಟಗಿ ಬಿಟ್ಟು ಇಲ್ಲಿಗೆ ಬಂದೀನಿ. ನನ್ನ ಮಗಳು ಮತ್ತ ಅಲ್ಲೇ ಹೋಗಿ ಕುಂದರಬೇಕೇನು?"

ಇಷ್ಟು ವರ್ಷ ಜೊತೆ ಬಾಳಿದ ಕೋಕಿಲಾಗೂ ಈ ಮಾತು ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪೂರ್ವಿ ತಲೆ ತಗ್ಗಿಸಿ ನಿಂತಿದ್ದಳು.

"ನಿಮ್ಮ ಸಿಟ್ಟು ಖರೆ ಐತಿ ಅಣ್ಣಾ," ಅಂದಳು ಪ್ರಫುಲ್ಲಕ್ಕ. "ಆದ್ರ ತಪ್ಪು ಮಾಡಿದ್ದು ಕೊಟಗಿ ಹಿಂದ ಕುಂದರ್ಸಿದವರು. ಹಲಗಿ ಏನು ಮಾಡಿತ್ತು? ಅವರ ತಪ್ಪಿಗೆ ನಿಮ್ಮಪ್ಪನ ವಿದ್ಯೆ ಯಾಕ ಮಣ್ಣಾಗಬೇಕು?"

"ಮಾತಿಗೆ ಚಂದ ಐತ್ರಿ. ಜನ ಬದಲಾಗ್ಯಾರೇನು?"

"ಎಲ್ಲಾರೂ ಆಗಿಲ್ಲ. ಅದಕ್ಕ ಹುಡುಗರಿಗೆ ಕುಣಿತದ ಜೋಡಿ ಇನ್ನೊಂದು ಕಲಸಾಕತ್ತೀನಿ. ಮರ್ಯಾದಿ ಇದ್ದಲ್ಲಿ ಹೋಗೋದು, ಇಲ್ಲದಲ್ಲಿ ಒಲ್ಲೆ ಅನ್ನೋದು. ಮತ್ತ ಹಲಗಿ ಒಂದು ಓಣಿಗೆ ಬರದಿಟ್ಟದ್ದಲ್ಲ. ಮಂಗಳೂರಿನ ವರ್ಷಾ ಕಂಪ್ಯೂಟರ್ ಕಂಪನಿಯಾಗ ಕೆಲಸ ಮಾಡ್ತಾಳ, ಆಕೀನೂ ಕಲಿಯಾಕತ್ತಾಳ. ಯಾರಿಗೂ ಒತ್ತಾಯ ಇಲ್ಲ."

"ಹೇಳೋದು ಸಸಾರ, ಮಾಡೋದು ಕಷ್ಟ ಅಕ್ಕಾ," ಎಂದು ಉಪೇಂದ್ರ ಎದ್ದುಹೋದ. ಆದರೆ ಮಗಳಿಗೆ ಕಲಿಯಬೇಡ ಎಂದು ಮತ್ತೆ ಹೇಳಲಿಲ್ಲ.

ನವೆಂಬರ್‌ನಲ್ಲಿ ನಗರದ ಅಬಿಡ್ಸ್‌ನ ಒಂದು ಹಾಲ್‌ನಲ್ಲಿ ಕನ್ನಡದವರ ಕಾರ್ಯಕ್ರಮ. ಪೂರ್ವಿ, ಸಾಯಿಕುಮಾರ, ವರ್ಷಾ ಸೇರಿ ಕಟ್ಟಿದ್ದ ಹಲಗಿ ತಂಡಕ್ಕೂ ಕರೆ ಬಂತು. ವಾಪಸ್ ಬರೋದು ತಡವಾಗುತ್ತದೆ ಎಂದು ಕೋಕಿಲಾ ಗಂಡನನ್ನು ಜೊತೆಗೆ ಕಳಿಸಿದಳು. ಉಪೇಂದ್ರ ಒಳಗೆ ಹೋಗಲಿಲ್ಲ, ಗೇಟಿನ ಆಚೆ ಆಟೋಗಳ ಹತ್ತಿರ ನಿಂತ.

ಕಾರ್ಯಕ್ರಮದ ಹಿರಿಯರು ಸಿದ್ದರಾಮಪ್ಪ ಅವಸರದಲ್ಲಿ ಓಡಾಡುತ್ತಿದ್ದರು. ತಂಡವನ್ನು ನೋಡಿ ಅಂದರು: "ಹಲಗಿಯವರು ಬಂದ್ರೇನು? ಇಲ್ಲೇ ಗೇಟಿನ ಹತ್ರ ಬಾರಸ್ರಿ, ಸ್ಟೇಜ್ ಮ್ಯಾಲೆ ಬ್ಯಾಡ. ಊಟದ ಪೊಟ್ಣ ಹೊರಗ ಕಳಸ್ತೀನಿ."

ಉಪೇಂದ್ರನ ಕಿವಿಗೂ ಆ ಮಾತು ಬಿತ್ತು. ಮಗಳ ಕೈ ಹಿಡಿದು ಕರೆದುಕೊಂಡು ಹೋಗಬೇಕೆಂದು ಮುಂದೆ ಬಂದ. ಅಷ್ಟರಲ್ಲಿ ಪೂರ್ವಿ ಹೆಗಲ ಮೇಲಿನ ಹಲಗಿ ತೆಗೆದು ಕೆಳಗಿಟ್ಟಳು.

"ಅಜ್ಜಾರ, ಕೋಲಾಟದವರು ಎಲ್ಲಿ ಕುಣೀತಾರ್ರಿ?"

"ಸ್ಟೇಜ್ ಮ್ಯಾಲೆ."

"ಅವರ ಊಟ?"

"ಒಳಗ, ಪಂಕ್ತ್ಯಾಗ."

"ಹಂಗಾದ್ರ ನಮ್ಮದೂ ಅಲ್ಲೇ ಆಗಬೇಕ್ರಿ. ಇಲ್ಲಂದ್ರ ನಾವು ಒಲ್ಲೆವ್ರಿ, ಮನಿಗೆ ಹೋಗ್ತೀವಿ."

ಅವಳು ಕಣ್ಣು ತಗ್ಗಿಸಲಿಲ್ಲ. ವರ್ಷಾ ತನ್ನ ಹಲಗಿ ಕೆಳಗಿಟ್ಟಳು. ಸಾಯಿಕುಮಾರನಿಗೆ ಮಾತು ಪೂರ್ತಿ ತಿಳಿಯಲಿಲ್ಲ, ಪೂರ್ವಿಯ ಮುಖ ನೋಡಿ ಅವನೂ ಇಟ್ಟ.

ಸಿದ್ದರಾಮಪ್ಪನವರ ಮುಖ ಸಣ್ಣದಾಯಿತು.

"ತಪ್ಪಾತವ್ವ," ಅಂದರು. "ಸಣ್ಣಂದಿನಿಂದ ಹಂಗ ನೋಡಿದ್ದು, ವಿಚಾರ ಮಾಡದ ಬಾಯಿಗೆ ಬಂತು. ನಡೀರಿ ಒಳಗ. ಮೊದಲ ಎಲ್ಲಾರೂ ಚಾ ಕುಡೀರಿ."

ಉಪೇಂದ್ರ ನಿಂತಲ್ಲೇ ನಿಂತಿದ್ದ. ಅವನ ಅಪ್ಪ ಜೀವಮಾನದಲ್ಲಿ ಆಡಲಾಗದ 'ಒಲ್ಲೆ' ಎಂಬ ಮಾತು ಮಗಳ ಬಾಯಿಂದ ಬಂದಿತ್ತು. ಭೂಮಿ ಬಿರಿಯಲಿಲ್ಲ. ಬಾಗಿಲು ತೆರೆಯಿತು.

ಅವನು ಬಗ್ಗಿ ಹಲಗಿ ಎತ್ತಿಕೊಂಡ. ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಚರ್ಮ ಸಡಲ ಆಗೈತಿ. ಹಿಂಗ ಬಾರಸಿದ್ರ ದನಿ ಏಳಂಗಿಲ್ಲ. ಯಾರರೆ ಹಳೇ ಪೇಪರ್ ತರ್ರಿ."

ಹಾಲ್‌ನ ಹಿಂದಿನ ಅಂಗಳದಲ್ಲಿ ಪೇಪರ್‌ಗೆ ಬೆಂಕಿ ಹಚ್ಚಿ, ಹಲಗಿ ತಿರುಗಿಸುತ್ತಾ ಕಾಯಿಸಿದ. ಬೆರಳಿಂದ ತಟ್ಟಿದರೆ 'ಕಣ್' ಎಂದು ದನಿ ಎದ್ದಿತು. ಹುಡುಗರು ಸುತ್ತ ನಿಂತರು.

"ಅಪ್ಪಾ, ನಮ್ಮೂರ ಏಟು?" ಪೂರ್ವಿ ಮೆಲ್ಲಗೆ ಕೇಳಿದಳು.

"ಕಾಲು ನೋಡು, ಕೈ ನೋಡಬ್ಯಾಡ. ಕಾಲು ಹೇಳಿದಂಗ ಕೈ ಕೇಳಬೇಕು," ಎಂದು ಉಪೇಂದ್ರ ಹೆಜ್ಜೆ ಹಾಕಿದ. ಮೊದಲು ತಪ್ಪಿತು, ತಾನೇ ನಕ್ಕ. ಆಮೇಲೆ ಮೈಗೆ ನೆನಪಾಯಿತು.

ಅಂದು ಸ್ಟೇಜ್ ಮೇಲೆ ಅಪ್ಪ ಮಗಳು ಎದುರು ಬದುರು ನಿಂತು ಬಾರಿಸಿದರು. ಮುಂದಿನ ಸಾಲಿನ ಹೆಂಗಸರು ಕುರ್ಚಿ ಸರಿಸಿ ಕುಣಿದರು. ಸಿದ್ದರಾಮಪ್ಪನವರೂ ಕುಣಿದರು, ತಾಳ ಮಾತ್ರ ಸಿಗಲಿಲ್ಲ.

ಈಗ ಶಿಫ್ಟ್ ಇಲ್ಲದ ಭಾನುವಾರ ಉಪೇಂದ್ರನೇ ಪ್ರಫುಲ್ಲಕ್ಕನ ಮಕ್ಕಳಿಗೆ ಕಲಿಸುತ್ತಾನೆ. ತೆಲುಗಿನ ಮಕ್ಕಳು, ಕನ್ನಡದ ಮಕ್ಕಳು ಎಲ್ಲರೂ ಬರುತ್ತಾರೆ. ಯಾರಾದರೂ ತಂಡವನ್ನು ಕರೆದರೆ ಮೊದಲು ಅವನು ಕೇಳುವುದು ಒಂದೇ: "ಹುಡುಗರನ್ನ ಎಲ್ಲಿ ಕುಂದರಸ್ತೀರಿ?" ಊರಿಗೆ ಹೋಗಿ ಬಾರಿಸೋಣ ಎಂದು ಪೂರ್ವಿ ಕೇಳುತ್ತಿರುತ್ತಾಳೆ. "ನೋಡೋಣು" ಅನ್ನುತ್ತಾನೆ. ಮೊದಲಾಗಿದ್ದರೆ "ಆ ಮಾತು ತೆಗೀಬ್ಯಾಡ" ಅನ್ನುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಹಾಡು, ಒಂದು ಹೆಜ್ಜೆ, ಒಂದು ಏಟು ಬಲ್ಲವರು ಇರಬಹುದು. ಹತ್ತಿರ ಕುಳಿತು ಕೇಳಿ. ಅದನ್ನು ಯಾಕೆ ಬಿಟ್ಟಿರಿ ಎಂದೂ ಕೇಳಿ, ನೋವಿದ್ದರೆ ಪೂರ್ತಿ ಆಲಿಸಿ. ಅವರು ಒಪ್ಪಿದರೆ ಫೋನಿನಲ್ಲಿ ಹಿಡಿದಿಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ, ನೀವೂ ಕಲಿಯಿರಿ. ಹೆಣ್ಣುಮಕ್ಕಳಿಗೂ ಕಲಿಸಿ, ಪಕ್ಕದ ಮನೆಯವರನ್ನೂ ಕರೆಯಿರಿ. ಕಲಾವಿದರನ್ನು ಕರೆಸಿದರೆ ಎಲ್ಲರ ಜೊತೆ ಕೂರಿಸಿ, ಒಲ್ಲೆ ಎಂದರೆ ಅದನ್ನೂ ಗೌರವಿಸಿ.

ಹಿರಿಯರ ಕಲೆ ನಮಗೆ ಬೇಕು. ಅವರು ಪಟ್ಟ ಅವಮಾನ ಯಾರಿಗೂ ಬೇಡ. ಬರುವ ಭಾನುವಾರ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ನನಗೂ ಕಲಿಸುತ್ತೀರಾ?"