ಒಂದು ಒತ್ತಿಗೆ ಒಂದು

ಹಿಟ್ಟು ಈಗ ಅಂಗೈ ಬಿಟ್ಟು ಬರುತ್ತಿದೆ, ಬೆಚ್ಚಗಿದೆ, ಜ್ವರದ ಹಣೆಯಷ್ಟು ಬೆಚ್ಚಗೆ, ಬೇಡ, ಹಣೆ ಬೇಡ, ಪ್ರಾರ್ಥನೆ ಹೇಳು, ಒಂದು ಒತ್ತಿಗೆ ಒಂದು, ಕರ್ತನಾದ ಯೇಸುವೇ ನನ್ನ ಮೇಲೆ ಕರುಣೆಯಿಡು, ಮಡಚು, ಒತ್ತು, ಕರ್ತನಾದ ಯೇಸುವೇ — ಅಗ್ರಿಪಿನಾ ಅತ್ತೆ ಒಲೆಯ ಪಕ್ಕದ ಬೆಂಚಿನಿಂದ ನನ್ನ ತುಟಿಗಳನ್ನೇ ನೋಡುತ್ತಿದ್ದಾಳೆ, ಕಿವಿ ಕೇಳಿಸದು, ಕಣ್ಣು ಮಾತ್ರ ಹದ್ದಿನದು, ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಇಗರ್ಜಿಯ ರೊಟ್ಟಿ ಮಾಡಲು ಕಲಿಸಿದವಳು, ಪ್ರಾರ್ಥನೆ ಬೀಳದ ಹಿಟ್ಟು ನಮ್ಮ ಊಟಕ್ಕಾಯ್ತು ಕಣೇ, ದೇವರ ಪೀಠಕ್ಕಾಗಲ್ಲ, ಅನ್ನುತ್ತಿದ್ದಳು. ಹತ್ತು ವರ್ಷ ಒಂದು ಒತ್ತೂ ತಪ್ಪಿಸಲಿಲ್ಲ. ಈ ಚಳಿಗಾಲವಿಡೀ ನನ್ನ ಮೇಲೆ ಅನ್ನುವ ಕಡೆ ತಂಗಿಯ ಮೇಲೆ ಅಂದೆ, ಇಲಿಂಕಾಳ ಮೇಲೆ ಕರುಣೆಯಿಡು, ಅವಳಿಗೆ ಹತ್ತೊಂಬತ್ತು, ನಾಳೆ ಅವಳು ತೀರಿಹೋಗಿ ನಲವತ್ತು ದಿನ, ಫಾದರ್ ಇಲಾರಿಯೋನ್ ಅವಳ ಆತ್ಮಕ್ಕೆಂದು ತುಣುಕು ತೆಗೆಯುವುದು ಇದೇ ರೊಟ್ಟಿಯಿಂದ, ಒಂದಾದರೂ ಪ್ರಾರ್ಥನೆ ಬೀಳಲಿ, ಇಡೀ ಹಿಟ್ಟಿಗೆ ಒಂದೇ ಒಂದು ನಿಜವಾದದ್ದು. ಏನೇ ವರ್ವಾರಾ, ಬಾಯಲ್ಲಿ ಹಿಟ್ಟು ತುಂಬ್ಕೊಂಡಿದೀಯಾ, ತುಟೀನೇ ಅಲ್ಲಾಡ್ತಿಲ್ಲ? ಹೇಳ್ತಿದೀನಿ ಅತ್ತೆ. ತುಟಿ ಅಲ್ಲಾಡಿಸುತ್ತೇನೆ, ಗಿರಣಿ, ಜೋಡಿ ಬಾವಿ, ಇಟ್ಟಿಗೆ ಗೂಡು, ಸೇತುವೆ, ಸುಚಾವಾ ಪಟ್ಟಣದ ಆಸ್ಪತ್ರೆಗೆ ಹೋಗುತ್ತಿದ್ದ ಬಸ್ಸು ನಿಲ್ಲುವ ಜಾಗಗಳು, ವಾಂತಿ ತಡೆಯಲು ನನ್ನ ಹೆಗಲಿಗೆ ತಲೆಯಿಟ್ಟು ಇಲಿಂಕಾ ಒಂದೊಂದೇ ಹೇಳುತ್ತಿದ್ದಳು, ಇನ್ನೆಷ್ಟಿದೆ ಅಕ್ಕಾ, ಇನ್ನು ಮೂರೇ ಪುಟ್ಟಾ, ಒತ್ತು, ಮಡಚು, ಸೇತುವೆ. ಪಾಪನಿವೇದನೆಗೆ ಹೋಗಿ ಹೇಳಿದೆನಲ್ಲ, ಫಾದರ್, ನಂಗೆ ಪ್ರಾರ್ಥನೆ ಬರ್ತಿಲ್ಲ. ಬಾಯಲ್ಲಿ ಹೇಳ್ತಾ ಇರು ಮಗಳೇ, ಮನಸ್ಸು ಹಿಂದೇನೇ ಬರುತ್ತೆ. ಹೇಳಿದೆ, ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕುತ್ತ, ನೀರು ಸೇದುತ್ತ, ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತ, ಹಿಂದಿರುಗಿ ನೋಡಿದರೆ ಯಾರೂ ಬರುತ್ತಿಲ್ಲ. ಬೇರೆ ಯಾರಾದರೂ ಮಾಡಲಿ ಎನ್ನಬಹುದಿತ್ತು, ಅಮ್ಮ ಬಿಡಲಿಲ್ಲ, ನೀನೇ ನಾದ್ಬೇಕು, ನಿನ್ ಕೈದಾದ್ರೆ ಅವಳಿಗೆ ಮುಟ್ಟುತ್ತೆ, ಅಂದಳು, ಅಷ್ಟು ನಂಬಿಕೆಯಿಂದ ಅಂದಳು.

ಶಿಲುಬೆ ಕೊರೆದ ಮರದ ಮುದ್ರೆ ಒತ್ತಿದೆ, ಒಲೆಗಿಟ್ಟೆ, ಹಿಟ್ಟು ಸುಳ್ಳು ಮುಚ್ಚಿಡುವುದಿಲ್ಲ, ಮುದ್ರೆ ಬಿರಿದು ಹೇಳಿಬಿಡುತ್ತದೆ, ಇದೂ ಅತ್ತೆಯ ಮಾತೇ, ಹಾಗಾದರೆ ಬಿರಿಯಲಿ, ಎಲ್ಲರಿಗೂ ಗೊತ್ತಾಗಲಿ, ಒಲೆಯ ಮುಚ್ಚಳ ತೆಗೆಯುತ್ತೇನೆ — ಎಷ್ಟು ಚೆನ್ನಾಗಿ ಉಬ್ಬಿದೆ, ಶಿಲುಬೆಯ ಸುತ್ತಲಿನ ಅಕ್ಷರಗಳು ಒಂದೊಂದೂ ಸ್ಪಷ್ಟ. ನೋಡೇ, ಕೂದಲೆಳೆಯಷ್ಟೂ ಬಿರುಕಿಲ್ಲ, ಅವನು ಒಪ್ಕೊಂಡ ಕಣೇ, ಎನ್ನುತ್ತ ಅತ್ತೆ ರೊಟ್ಟಿಗೆ ಮುತ್ತಿಟ್ಟು ಅಳುತ್ತಾಳೆ. ಬಿರಿದಿದ್ದರೆ ಯಾರೋ ನೋಡುತ್ತಿದ್ದಾರೆ ಎಂದಾಗುತ್ತಿತ್ತು, ನನ್ನ ಮೇಲೆ ಕೋಪವಾದರೂ ಬಂತು ಎಂದಾಗುತ್ತಿತ್ತು, ಪ್ರಾರ್ಥನೆ ಇದ್ದಾಗಲೂ ಹೀಗೇ ಉಬ್ಬಿತ್ತು, ಇಲ್ಲದಾಗಲೂ ಹೀಗೇ, ಹಾಗಾದರೆ ಆ ಹತ್ತು ವರ್ಷ, ಆ ಚಳಿಗಾಲ — ಅಮ್ಮ ಬಾಗಿಲಲ್ಲಿ ಬಿಳಿ ಬಟ್ಟೆ ಹಿಡಿದು ನಿಂತಿದ್ದಾಳೆ, ಆಯ್ತೇನಮ್ಮಾ? ಹೇಳಿಬಿಡಬೇಕು, ಈಗಲೇ, ಆಯ್ತಮ್ಮಾ, ಎನ್ನುತ್ತೇನೆ, ಅಮ್ಮ ರೊಟ್ಟಿಯನ್ನು ಎದೆಗವಚಿಕೊಂಡು ಹೊರಡುತ್ತಾಳೆ, ನಾಳೆ ಪೀಠದ ಪರದೆಯ ಹಿಂದೆ ಫಾದರ್ ತಂಗಿಯ ಹೆಸರು ಕರೆಯುತ್ತಾರೆ, ಚಾಕುವಿನ ತುದಿಯಲ್ಲಿ ಬೇಳೆಯಷ್ಟು ಚಿಕ್ಕ ಬಿಳಿ ತುಣುಕು, ಇಲಿಂಕಾ, ಬರೀ ಗೋಧಿ, ಉಪ್ಪು, ನೀರು, ಚಾಕುವಿನ ತುದಿಯಲ್ಲಿ ಬೇಳೆಯಷ್ಟು ಚಿಕ್ಕ ಬಿಳಿ ತುಣುಕು, ಇನ್ನೆಷ್ಟಿದೆ ಅಕ್ಕಾ, ಚಾಕುವಿನ ತುದಿಯಲ್ಲಿ