ಖಾಲಿ ತೊಟ್ಟಿಲು ತೂಗಿದ ಸಾಹೇಬ

"ಏ ಬೋಸುಡಿ, ಯಾರದಲೇ ಇದು ಹೇಲಬುರುಕ ಕೂಸು? ಎತ್ತು ಮೊದಲ! ಸಾಹೇಬ್ರ ಬೂಟಿಗೆ ಜೊಲ್ಲು ಸುರಿಸಾಕತ್ತೈತಿ!"

ಮೇಸ್ತ್ರಿ ಗುರುಶಾಂತ ಹೀಗೆ ಕೂಗಿದಾಗ ನಾವು ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಸಾಬಮ್ಮ ತನ್ನ ಬುಟ್ಟಿಯನ್ನೂ ನನ್ನ ಕೈಗೆ ತುರುಕಿ, ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು. ಅವಳ ಕೂಸು ತೆವಳುತ್ತಾ ಹೋಗಿ ನೀಲಿ ಬಣ್ಣದ ಹೊಸ ಖೋಲಿಯ ಬಾಗಿಲು ಮುಟ್ಟಿತ್ತು. ಅಲ್ಲಿ ನಿಂತಿದ್ದ ರಾಮಕೃಷ್ಣ ಸಾಹೇಬರ ಬೂಟಿನ ಲೇಸನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಸಾಹೇಬರು ಕಾಲು ಝಾಡಿಸಿದರು. ಕೂಸು ಮರಳಿನ ಮೇಲೆ ಒಂದು ಪಲ್ಟಿ ಹೊಡೆಯಿತು. ಅಳಬೇಕಾದದ್ದು ಕಿಸಕ್ಕನೆ ನಕ್ಕಿತು. ಅದಕ್ಕೆ ಆಟ ಅನ್ನಿಸಿರಬೇಕು.

"ಕಾಲಿಗೆ ಬಿದ್ದೈತ್ರಿ ಸಾಹೇಬ್ರ, ಆಶೀರ್ವಾದ ಮಾಡ್ರಿ," ಎಂದಳು ಮುದುಕಿ ಶಿವದೇವಿ. ನಾವೆಲ್ಲ ಬುಟ್ಟಿ ಹಿಡಿದುಕೊಂಡೇ ನಕ್ಕೆವು. ಗುರುಶಾಂತ ನಮ್ಮ ಅವ್ವಂದಿರನ್ನೆಲ್ಲ ಒಂದು ಸುತ್ತು ಬೈದ.

ರಾಮಕೃಷ್ಣ ಸಾಹೇಬರು ಸರಕಾರದ ಉದ್ಯಮ ಇಲಾಖೆಯ ದೊಡ್ಡ ಅಧಿಕಾರಿ. ನಾವು ಯಾದಗಿರಿ ಕಡೆಯ ಕೂಲಿಗಳು. ಹೈದರಾಬಾದಿನ ಕೊಂಡಾಪುರದ ಆಚೆಗೆ, ಬಂಡೆ ಒಡೆದು ಮಟ್ಟ ಮಾಡಿದ ಜಾಗದಲ್ಲಿ, ಕಂಪ್ಯೂಟರ್ ಕಂಪನಿಗೆ ಗಾಜಿನ ಕಟ್ಟಡ ಏಳುತ್ತಿತ್ತು. ಆ ಜಾಗವನ್ನು ಇಲಾಖೆಯೇ ಕಂಪನಿಗೆ ನೀರಿನ ಬೆಲೆಗೆ ಕೊಟ್ಟಿತ್ತಂತೆ. ಕೊಡುವಾಗ ಷರತ್ತನ್ನೂ ಹಾಕಿತ್ತಂತೆ: ಕೂಲಿಗಳ ಮಕ್ಕಳಿಗೆ ಒಂದು ಖೋಲಿ ಇರಬೇಕು, ನೋಡಿಕೊಳ್ಳಲು ಆಯಾ ಇರಬೇಕು, ಮಕ್ಕಳಿಗೆ ಹಾಲು ಕೊಡಬೇಕು. ಇಂಥದ್ದೊಂದು ಷರತ್ತು ಇದೆ ಎಂದು ನಮಗೆ ತಿಳಿದದ್ದು ಹಿಂದಿನ ದಿನ. ಸಿಮೆಂಟಿನ ಗೋದಾಮನ್ನು ಗುಡಿಸಿ ಅದಕ್ಕೆ ನೀಲಿ ಬಣ್ಣ ಬಳಿಯಲು ಹಚ್ಚಿದ್ದು ನಮ್ಮನ್ನೇ.

ಯಾಕೆಂದರೆ ಶಾಸಕರ ಸಮಿತಿ ಬರುವುದಿತ್ತು. ಹಾಕಿದ ಷರತ್ತನ್ನು ಇಲಾಖೆ ಜಾರಿಗೆ ತಂದಿದೆಯೋ ಇಲ್ಲವೋ ಎಂದು ಅವರು ಕಣ್ಣಾರೆ ನೋಡಿ ಕೇಳುವವರಂತೆ. ಅದಕ್ಕೇ ಬೆಳಿಗ್ಗೆ ಟೆಂಟ್ ಹೌಸಿನ ಲಾರಿ ಬಂದು ಪ್ಲಾಸ್ಟಿಕ್ ಕುದುರೆ, ಬಣ್ಣದ ಚಾಪೆ, ಸರಪಳಿಯ ಸಮೇತ ಒಂದು ಮರದ ತೊಟ್ಟಿಲು ಇಳಿಸಿ ಹೋಗಿತ್ತು. ತೊಟ್ಟಿಲ ತಲೆಯ ಮೇಲೆ ಗಿಳಿಗಳು. ನಾವು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡಿದೆವು.

ಬೂಟಿನ ಗದ್ದಲ ಮುಗಿದ ಮೇಲೆ ಗುರುಶಾಂತ ನಮ್ಮನ್ನು ನಿಲ್ಲಿಸಿ ಪಾಠ ಹೇಳಿದ. "ಕೇಳಿದ್ರ, ಕೂಸುಗೋಳು ದಿನಾ ಇಲ್ಲೇ ಇರ್ತಾವ, ಹಾಲು ಕುಡೀತಾವ ಅನ್ರಿ. ಬ್ಯಾರೆ ಏನರ ಬೊಗಳಿದ್ರ ಗಂಟು ಕಟ್ಟಿ ಯಾದಗಿರಿ ಗಾಡಿ ಹತ್ತೂದು."

"ಹಂಗಾದ್ರ ಕೂಸುಗಳ್ನ ಒಳಗ ಬಿಡ್ತೀಯೇನು?" ಎಂದು ಸಾಬಮ್ಮ ಕೇಳಿದಳು. ಅವಳ ದನಿಯಲ್ಲಿ ಎಂಥ ಆಸೆ ಇತ್ತೆಂದರೆ ನನಗೆ ಅವಳ ಮುಖ ನೋಡಲಾಗಲಿಲ್ಲ.

"ನಿಮ್ಮ ಸಿಂಬಳಬುರುಕ ಪಿಳ್ಳಿಗೋಳು ಯಾಕ ಬೇಕವಾ? ಸಾಹೇಬ್ರು ಬೇಗಂಪೇಟಿಂದ ತಮ್ಮ ಆಫೀಸಿನವ್ರ ಮಕ್ಕಳ್ನ ವ್ಯಾನಿನ್ಯಾಗ ತರಸಾಕತ್ತಾರ. ನಿಮ್ಮವ್ನ ಅಲ್ಲಿ ತಗಡಿನ ಹಿಂದ ಮುಚ್ಚಿಡ್ರಿ."

ನಮ್ಮ ಮಕ್ಕಳ ವೇಷ ಹಾಕಲು ಪೌಡರು ಬಳಿದ ಮಕ್ಕಳು ಬರುತ್ತಿದ್ದವು! ನಮಗೆ ಸಿಟ್ಟು ಬರುವ ಮೊದಲು ನಗು ಬಂತು. ಆ ಮಕ್ಕಳಿಗೆ ಸಿಮೆಂಟ್ ತಿನ್ನಲು ಕಲಿಸಿದ್ದಾರೋ ಇಲ್ಲವೋ ಎಂದು ನಾನು ಕೇಳಿದೆ. ಶಿವದೇವಿ ಕೆಮ್ಮುವ ತನಕ ನಕ್ಕಳು.

ಸಾಬಮ್ಮ ಮಾತ್ರ ನಗಲಿಲ್ಲ. ಹೋದ ವರ್ಷ ಇಂಥದ್ದೇ ಇನ್ನೊಂದು ಕಟ್ಟಡದಲ್ಲಿ ಅವಳ ದೊಡ್ಡ ಕೂಸು ಲಿಫ್ಟಿನ ಗುಂಡಿಯಲ್ಲಿ ನಿಂತ ನೀರಿಗೆ ಬಿದ್ದು ಸತ್ತಿತು. ಊರಿಗೆಲ್ಲ ಉಣ್ಣಿಸಿ ಹೆಸರಿಟ್ಟ ಕೂಸು ಅದು. ಅದಾದ ಮೇಲೆ ಹುಟ್ಟಿದ ಈ ಹುಡುಗಿಗೆ ಅವಳು ಹೆಸರನ್ನೇ ಇಟ್ಟಿರಲಿಲ್ಲ. ಹೆಸರಿಟ್ಟರೆ ಹೆಸರು ಹಿಡಿದು ಕರೆಯಲು ಸಾವಿಗೆ ಸುಲಭವಾಗುತ್ತದೆ ಎಂಬ ಹೆದರಿಕೆ. ಕೆಲಸದ ಹೊತ್ತಿನಲ್ಲಿ ಕೂಸನ್ನು ಕಂಬದ ಸರಳಿಗೆ ಕಟ್ಟಿ, ಬುಟ್ಟಿ ಬುಟ್ಟಿಗೂ ತಿರುಗಿ ನೋಡುತ್ತಿದ್ದಳು. ಇವತ್ತು ಗಂಟು ಸಡಿಲಾಗಿತ್ತು, ಅಷ್ಟೇ. ಬೂಟಿನ ಕಡೆ ಹೋಗಿತ್ತು ಪುಣ್ಯಕ್ಕೆ. ಇಲ್ಲಿಯ ಲಿಫ್ಟಿನ ಗುಂಡಿ ಇದ್ದದ್ದು ಇನ್ನೊಂದು ಕಡೆ.

ವ್ಯಾನು ಬರಲೇ ಇಲ್ಲ. ಯಾವುದೋ ದೇಶದ ದೊಡ್ಡ ಮನುಷ್ಯ ಹೈದರಾಬಾದಿನ ಕಂಪ್ಯೂಟರುಗಳನ್ನು ನೋಡಲು ಬೇಗಂಪೇಟೆಯಲ್ಲೇ ವಿಮಾನ ಇಳಿದಿದ್ದನಂತೆ. ಅಲ್ಲಿಯ ರಸ್ತೆಗಳನ್ನೆಲ್ಲ ಪೊಲೀಸರು ಕಟ್ಟಿದ್ದರು. ರಾಮಕೃಷ್ಣ ಸಾಹೇಬರು ಮೊಬೈಲಿನಲ್ಲಿ ಡ್ರೈವರನಿಗೆ ತೆಲುಗಿನಲ್ಲಿ ಬೈಯುತ್ತಾ ಅತ್ತಿತ್ತ ತಿರುಗುತ್ತಿದ್ದರು. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಶಾಸಕರ ಕಾರುಗಳು ಬಂದೇ ಬಿಟ್ಟವು.

ಸಮಿತಿಯ ಅಧ್ಯಕ್ಷೆ ವಿಶಾಲಾಕ್ಷಿ ಎಂಬ ಗಟ್ಟಿ ಹೆಂಗಸು. ಗಡಿ ಕಡೆಯವರಂತೆ. ಹಿಂದೆ ಬಿಳಿ ಅಂಗಿಯ ಶಾಸಕರು, ಅವರ ಹಿಂದೆ ಬರೆದುಕೊಳ್ಳುವವರು. ಬುಟ್ಟಿ ಹೊತ್ತೇ ನಾವು ಕಿಟಕಿಯ ಹತ್ತಿರ ಸರಿದೆವು. ಇಲ್ಲೇ ದುಡಿದು ದುಡಿದು ತೆಲುಗು ನಮಗೆ ತಿಳಿಯುತ್ತಿತ್ತು.

"ಮಕ್ಕಳ ಖೋಲಿ ಇದೇ ಏನು?" ವಿಶಾಲಾಕ್ಷಿ ತೆಲುಗಿನಲ್ಲಿ ಕೇಳಿದರು.

"ಇದೇ ಮೇಡಂ. ಮೊದಲ ದಿನದಿಂದ ನಡೆಯುತ್ತಿದೆ."

"ಬಣ್ಣ ಕೈಗೆ ಹತ್ತುತ್ತಿದೆಯಲ್ಲ?" ಅವರು ಬೆರಳು ತೋರಿಸಿದರು. ಬೆರಳು ನೀಲಿ.

"ಪ್ರತಿ ತಿಂಗಳೂ ಬಳಿಯುತ್ತೇವೆ ಮೇಡಂ, ಮಕ್ಕಳ ಆರೋಗ್ಯಕ್ಕೆ."

ಒಬ್ಬ ಶಾಸಕರು, ಸೆರಗಿಲ್ಲದ್ದಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವಿಶಾಲಾಕ್ಷಿ ನಗಲಿಲ್ಲ. "ಮಕ್ಕಳೆಲ್ಲಿ?"

ಸಾಹೇಬರು ಕೈಗೆ ಸಿಕ್ಕ ತೊಟ್ಟಿಲನ್ನೇ ಹಿಡಿದು, "ನೋಡಿ ಮೇಡಂ, ಎಷ್ಟು ಒಳ್ಳೆಯ ವ್ಯವಸ್ಥೆ," ಎನ್ನುತ್ತಾ ತೂಗತೊಡಗಿದರು. ಖಾಲಿ ತೊಟ್ಟಿಲು! ಆ ಗೋಡೆಯಿಂದ ಈ ಗೋಡೆಗೆ, ಗಿಳಿಗಳು ಹಾರಿಹೋಗುವ ಹಾಗೆ!

"ಅಯ್ಯಯ್ಯೋ, ತೂಗಬ್ಯಾಡೋ! ನಿನ್ನ ಕೈ ಸೇದಿಹೋಗ, ಖಾಲಿ ತೊಟ್ಲ ತೂಗಬ್ಯಾಡೋ ಹಾಟ್ಯಾ!" ಶಿವದೇವಿ ಕಿಟಕಿಯಿಂದಲೇ ಕಿರುಚಿದಳು.

ನಮ್ಮಲ್ಲಿ ಖಾಲಿ ತೊಟ್ಟಿಲು ತೂಗುವುದಿಲ್ಲ. ತೂಗಿದರೆ ಕೂಸಿಗೆ ಹೊಟ್ಟೆಶೂಲೆ, ಕೂಸು ಉಳಿಯುವುದೇ ಕಷ್ಟ. ಒಂದನ್ನು ಕಳೆದುಕೊಂಡ ಸಾಬಮ್ಮನಿಗೆ ಮೇಸ್ತ್ರಿ ಹೇಳಿದ ಪಾಠ, ಯಾದಗಿರಿ ಗಾಡಿ, ಎಲ್ಲವೂ ಮರೆತುಹೋದವು. ಬುಟ್ಟಿ ಬಿಸಾಕಿದಳು. ತಗಡಿನ ಹಿಂದಿನಿಂದ ಕೂಸನ್ನು ಎತ್ತಿಕೊಂಡು ಬಂದಳು. ಬಿಳಿ ಅಂಗಿಗಳ ನಡುವೆ ನುಗ್ಗಿ, ಸಾಹೇಬರ ಕೈ ಸರಿಸಿ, ಮಣ್ಣು, ಜೊಲ್ಲು, ಸಿಂಬಳದ ಸಮೇತ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿಯೇ ಉಸಿರುಬಿಟ್ಟಳು. ಅವಳ ಹಿಂದೆ ನಾವೂ ಒಳಗೆ ಬಿದ್ದೆವು.

ಗುರುಶಾಂತ ಬಾಗಿಲಲ್ಲಿ ಹಲ್ಲು ಕಡಿದ. ಆದರೆ ಸಾಹೇಬರ ಮುಖ ಅರಳಿತು. ವ್ಯಾನು ತರದ ಕೂಸು ತಾನಾಗಿ ಬಂದಿತ್ತಲ್ಲ!

"ಇದೇ ಮೇಡಂ, ನಮ್ಮ ಮಗು. ದಿನವೂ ಇಲ್ಲೇ ಇರುತ್ತದೆ."

"ಹೆಸರೇನು?"

"ಹೆಸರು... ಪಿಂಕಿ! ಇಲ್ಲೇ ನಾಮಕರಣ ಮಾಡಿದೆವು. ನಾನೇ ಹೆಸರಿಟ್ಟೆ."

ವಿಶಾಲಾಕ್ಷಿ ಸಾಬಮ್ಮನ ಕಡೆ ತಿರುಗಿ ನಮ್ಮ ಮಾತಿನಲ್ಲೇ ಕೇಳಿದರು. "ಹೌದೇನವ್ವ? ಇವರೇ ಹೆಸರಿಟ್ಟಾರ?"

ಅವರಿಗೆ ಕನ್ನಡ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಸಾಬಮ್ಮ ಗುರುಶಾಂತನನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು. ಕೂಸು ಗಿಳಿಗಳಿಗೆ ಕೈಚಾಚಿ ಕೇಕೆ ಹಾಕುತ್ತಿತ್ತು.

"ಈಗ ಇಟ್ಟಾರ್ರೀ ಅಕ್ಕಾರ. ನಿಮ್ಮ ಮುಂದನ ಇಟ್ಟಾರ. ಖೋಲಿಗೆ ಬಣ್ಣ ನಾವು ನಿನ್ನಿ ಬಳದೀವಿ. ಹಾಲು ನಾವು ಕಂಡಿಲ್ಲ. ನನ್ನ ದೊಡ್ಡದು ಹ್ವಾದ ವರ್ಷ ಇಂಥಾ ಗುಂಡ್ಯಾಗ ಬಿದ್ದು ಸತ್ತೈತ್ರಿ. ಇದನ್ನ ಸರಳಿಗೆ ಕಟ್ಟಿ ಬುಟ್ಟಿ ಹೊರತೀನಿ." ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು. "ಆದ್ರ ಸಾಹೇಬ್ರು ಬಾಯಿಬಿಟ್ಟು ಹೆಸರಿಟ್ಟಾರಂದ್ರ ಆತು, ಶಾಸ್ತ್ರಾನೂ ಮಾಡಿ ಹೋಗ್ಲಿ. ಕಿವ್ಯಾಗ ಹೇಳ್ಲಿ!"

"ಹೇಳ್ಲಿ, ಹೇಳ್ಲಿ!" ಎಂದೆವು ನಾವು.

ನಮ್ಮ ಶಾಸ್ತ್ರ ಹೀಗೆ: ಹೆಸರಿಡುವಾಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹಾಗೆ ಬಗ್ಗಿದಾಗ ಕೂಡಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ವಿಶಾಲಾಕ್ಷಿಗೂ ಇದು ಗೊತ್ತಿತ್ತು ಅಂತ ಕಾಣುತ್ತದೆ. ಅವರ ಕಣ್ಣಲ್ಲಿ ಕಿಡಿಗೇಡಿ ಬೆಳಕು ಬಂತು.

"ನೀವೇ ಹೆಸರಿಟ್ಟದ್ದು ಅಂತ ಸಮಿತಿಯ ಮುಂದೆ ಹೇಳಿದ್ದೀರಿ," ಎಂದರು ಸಾಹೇಬರಿಗೆ ತೆಲುಗಿನಲ್ಲಿ. "ಬಗ್ಗಿ, ಹೇಳಿ."

ಸಾಹೇಬರು ಬಗ್ಗಿದರು. ಕೂಸು ಅವರ ಮೂಗು ಹಿಡಿಯಿತು. "ಪಿಂಕಿ," ಎಂದರು.

"ಕುರ್ರ್ ಅನ್ರೀ!"

"ಕುರ್ರ್..."

ಮೊದಲ ಗುದ್ದು ಶಿವದೇವಿಯದು. ಧಡ್! ಎರಡನೆಯದು ನನ್ನದು. ಬುಟ್ಟಿ ಹೊತ್ತ ಕೈ ಹಗುರ ಇರುವುದಿಲ್ಲ. ಸಾಹೇಬರು "ಅಮ್ಮಾ!" ಎಂದು ಏಳಹೋದರು. "ಏಳಬಾರ್ದ್ರೀ, ಕೂಸಿಗೆ ಒಳ್ಳೇದಲ್ಲ!" ಎಂದು ಯಾರೋ ಒತ್ತಿ ಹಿಡಿದರು. "ಇದು ಹಾಲಿಂದು!" ಧಡ್. "ಇದು ರಾತ್ರಿ ನಾವು ಬಯಲಿಗೆ ಹೋಗೂವಾಗ ನಿಮ್ಮ ಗಾರ್ಡ್‌ಗೋಳು ಬ್ಯಾಟರಿ ಬಿಡ್ತಾವಲ್ಲ, ಅದರದು!" ಧಡ್ ಧಡ್. ಗುದ್ದುವವರಿಗೂ ನಗು, ಶಾಸಕರಿಗೂ ನಗು. ಬರೆದುಕೊಳ್ಳುವವನು ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಕಚ್ಚಿ ನಿಂತಿದ್ದ. ಕಡೆಗೆ ಸಾಬಮ್ಮ ಬಂದಳು. ಅವಳು ಮುಷ್ಟಿ ಎತ್ತಿದಾಗ ನಾವು ನಗುವುದನ್ನು ನಿಲ್ಲಿಸಿದೆವು. ಆ ಗುದ್ದಿನ ಸದ್ದು ನನಗೆ ಈಗಲೂ ನೆನಪಿದೆ.

ಸಾಹೇಬರು ನೆಟ್ಟಗಾದಾಗ ಅವರ ಬಿಳಿ ಅಂಗಿಯ ಬೆನ್ನ ಮೇಲೆಲ್ಲ ಸಿಮೆಂಟಿನ ಮುಷ್ಟಿಗಳು ಒಡಮೂಡಿದ್ದವು. ವಿಶಾಲಾಕ್ಷಿ ಅವರನ್ನು ಬಿಡಲಿಲ್ಲ. ಆಯಾ ಯಾರು, ಹಾಲು ಎಲ್ಲಿಂದ, ಗುಂಡಿಗೆ ಬೇಲಿ ಯಾಕಿಲ್ಲ, ಹೋದ ವರ್ಷದ ಸಾವು ಇಲಾಖೆಗೆ ಗೊತ್ತೋ ಇಲ್ಲವೋ, ಒಂದೊಂದನ್ನೂ ಕೇಳಿದರು. ಸಾಹೇಬರು ಎಲ್ಲಕ್ಕೂ "ಲಿಖಿತ ಉತ್ತರ ಕೊಡುತ್ತೇವೆ ಮೇಡಂ" ಎಂದರು.

"ನೋಡವ್ವ," ವಿಶಾಲಾಕ್ಷಿ ಹೊರಡುವಾಗ ಸಾಬಮ್ಮನ ಹೆಗಲು ಮುಟ್ಟಿದರು. "ಇಲಾಖೆಗೆ ಕೇಳೇವಿ. ಉತ್ತರ ಬಂದ ಮ್ಯಾಲ ಸದನದಾಗ ಇಡ್ತೇವಿ. ನಾವು ಬಿಡಾಂಗಿಲ್ಲ."

"ಅಲ್ಲೀತನ ಕೂಸಿನ್ನ ಎಲ್ಲಿ ಇಡ್ಲಿರೀ ಅಕ್ಕಾರ?"

ಅಷ್ಟರಲ್ಲಿ ಒಬ್ಬ ಶಾಸಕರು ಊಟಕ್ಕೆ ಹೊತ್ತಾಯಿತೆಂದು ನೆನಪಿಸಿದರು. ವಿಶಾಲಾಕ್ಷಿ ಒಳ್ಳೆಯವರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಿನ ಗಾಜು ಏರಿಸುವ ತನಕ ಸಾಬಮ್ಮನನ್ನೇ ನೋಡುತ್ತಿದ್ದರು.

ಕಾರುಗಳ ಧೂಳು ಇನ್ನೂ ಇಳಿದಿರಲಿಲ್ಲ, ಟೆಂಟ್ ಹೌಸಿನ ಲಾರಿ ಬಂತು. ಗುರುಶಾಂತ ಓಡಿ ಬಂದ. "ಹೊರಗ ಬರ್ರೆಲೇ ರಂಡೇರ! ನಿಮ್ಮನ್ನ ಆಮ್ಯಾಲ ನೋಡ್ಕೋತೀನಿ. ಕೂಸಿನ್ನ ಎತ್ತು, ತೊಟ್ಲ ಬಿಚ್ಚಬೇಕು."

"ಹೆಸರಿಟ್ಟ ತೊಟ್ಲ ಕೂಸು ನಡಿಯೂತನ ಬಿಚ್ಚಬಾರ್ದಪ್ಪ," ಎಂದಳು ಶಿವದೇವಿ ಗಂಭೀರವಾಗಿ. ಅಂಥ ಶಾಸ್ತ್ರವನ್ನು ನಾನಂತೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಹೌದು ಹೌದೆಂದು ಗೋಣು ಹಾಕಿದೆ. ಎಲ್ಲರೂ ಹಾಕಿದರು. ಸಾಬಮ್ಮ ಹೊಸ್ತಿಲಿಗೆ ಅಡ್ಡ ಕುಳಿತಳು. ಅವಳ ಪಕ್ಕ ನಾನು. ಉಳಿದವರು ಒಬ್ಬೊಬ್ಬರಾಗಿ ಹೋಗಿ ತಗಡಿನ ಹಿಂದಿನ ಮಕ್ಕಳನ್ನೆಲ್ಲ ಎತ್ತಿ ತಂದು ಬಣ್ಣದ ಚಾಪೆಯ ಮೇಲೆ ಬಿಟ್ಟರು. ಒಂದು ಕ್ಷಣದಲ್ಲಿ ಪ್ಲಾಸ್ಟಿಕ್ ಕುದುರೆಗಳ ಮೇಲೆಲ್ಲ ಸವಾರರು!

"ಸಾಹೇಬ್ರು ಪೊಲೀಸ್ರನ್ನ ಕರಸ್ತಾರ, ತಿಳೀತಿಲ್ಲೋ?" ಗುರುಶಾಂತನ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಕರಸ್ಲಿ," ಎಂದಳು ಸಾಬಮ್ಮ. "ಸಾಹೇಬ್ರಿಗೂ ಬರಾಕ ಹೇಳು. ಅವ್ರ ಇಲಾಖೆನ್ನೆಲ್ಲ ಕರಕೊಂಡು ಬರ್ಲಿ. ಇಲ್ಲಿ ಹೆಸರಿಡದ ಕೂಸುಗೋಳು ಇನ್ನಾ ಭಾಳ ಅದಾವ."

ಗೇಟಿನ ಕಡೆಯಿಂದ ಲಾಠಿ ಹಿಡಿದ ಗಾರ್ಡುಗಳು ಬರುತ್ತಿದ್ದರು. ಶಿವದೇವಿ ಅವರನ್ನು ನೋಡಿ ಎದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬರ್ರಿ ಬರ್ರಿ, ಯಪ್ಪಗೋಳ್ರಾ! ಮೊದಲ ಯಾರು ಬಗ್ಗತೀರಿ?"